ಬಾಬಿನ್ ಖಾಲಿಯಾದಾಗ ಒಂದು ಗುಟುಕು

ನಮ್ಮ ಕೋಣೆ,
ಬುಧವಾರ, ಹನ್ನೆರಡನೆಯ ತಾರೀಖು

ಪ್ರೀತಿಯ ಅಮ್ಮಾ,

ನೀನು ನನಗೆ ಕಲಿಸಿದ್ದು ತಪ್ಪು. ನೀನು ಹೊಲಿಯುತ್ತಿದ್ದ ಗಾರ್ಮೆಂಟ್ಸಿಗೇ ನಾನು ಸೇರಿದ ಮೊದಲ ದಿನ, "ಸಾಯಂಕಾಲದ ತನಕ ನೀರು ಮುಟ್ಟಬೇಡ ಮಗಳೇ, ಕಕ್ಕಸಿನ ಕೀಲಿ ಸೂಪರ್‌ವೈಸರ್ ಜೇಬಲ್ಲಿರುತ್ತೆ" ಅಂದಿದ್ದೆ. ಕೀಲಿ ಇಟ್ಟುಕೊಂಡವನದು ಅದಕ್ಕಿಂತ ದೊಡ್ಡ ತಪ್ಪು. ಅದಿರಲಿ, ಸೊಂಟದ ನೋವು ಹೇಗಿದೆ? ಮೂತ್ರಪಿಂಡದಲ್ಲಿ ಕಲ್ಲಿದೆ, ಚೆನ್ನಾಗಿ ನೀರು ಕುಡಿಯಿರಿ ಎಂದು ಡಾಕ್ಟರು ಹೇಳಿದ್ದಾರಲ್ಲ, ಕುಡಿಯುತ್ತಿದ್ದೀಯಾ? ಅಕ್ಕನ ಮನೆಯಲ್ಲೂ ಲೋಟ ಕಂಡರೆ ಮುಖ ತಿರುಗಿಸುತ್ತೀಯಂತೆ. ಅಕ್ಕ ಎಲ್ಲ ಬರೆದಿದ್ದಾಳೆ, ಸುಳ್ಳು ಹೇಳಬೇಡ.

ನಾನು ತರುತ್ತಿದ್ದ, ನೀನು ಕಪಾಟಿಗೆ ಹಾಸುತ್ತಿದ್ದ ಆರೋಗ್ಯದ ಕರಪತ್ರವೊಂದರಲ್ಲಿ ದಿನಕ್ಕೆ ಎಂಟು ಲೋಟ ನೀರು ಎಂದಿತ್ತು. ನಿನ್ನ ಕಲ್ಲಿನ ಸುದ್ದಿ ಕೇಳಿ, ನಾನು ಅಷ್ಟೂ ಕುಡಿಯುತ್ತೇನೆಂದು ಪಣ ತೊಟ್ಟೆ. ಮೊದಲ ದಿನ ಒಂದೇ ಉಸಿರಿಗೆ ಒಂದು ಬಾಟಲಿ ಖಾಲಿ ಮಾಡಿದೆ. ಅರ್ಧ ಗಂಟೆಗೆಲ್ಲ ಸ್ಟೂಲಿನ ಮೇಲೆ ಕುಣಿಯತೊಡಗಿದೆ. ಕೀಲಿ ಸಿಗುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಎರಡನೆಯ ದಿನ ಬಾಟಲಿ ಮರೆತೆ. ಮೂರನೆಯ ದಿನ ಬೇಕೆಂದೇ ಮರೆತೆ. ಆಗ ಅಂಗಿಯ ಗುಂಡಿಗೆ ಕಾಜಾ ಹೊಲಿಯುವ ನಿನ್ನ ಗೆಳತಿ, ನಮ್ಮ ಕಾಜಾ ಅತ್ತೆ, "ಹುಚ್ಚು ಹುಡುಗಿ, ಪಣ ತೊಟ್ರೆ ಬಾಯಾರಿಕೆ ಆಗುತ್ತೇನೇ? ಬಾಬಿನ್ ಖಾಲಿಯಾದಾಗಲೆಲ್ಲ ಒಂದು ಗುಟುಕು ಕುಡಿ, ಮಿಷನ್ ಹೇಗೂ ನಿಂತಿರುತ್ತೆ" ಎಂದರು. ಇದು ಯಾವ ಕರಪತ್ರದಲ್ಲೂ ಇರಲಿಲ್ಲ! ಈಗ ದಾರ ಮುಗಿದವಳು "ಬಾಬಿನ್!" ಎಂದು ಕೂಗುತ್ತಾಳೆ, ಇಡೀ ಸಾಲು ಬಾಟಲಿ ಎತ್ತುತ್ತದೆ. ಐದು ವಾರವಾಯಿತು, ಒಂದು ದಿನವೂ ತಪ್ಪಿಲ್ಲ.

ಸೂಪರ್‌ವೈಸರಿಗೆ ಮೈಯೆಲ್ಲ ಉರಿ. "ಇದೇನು ಹೊಲಿಗೆ ಶೆಡ್ಡೋ, ಕೆರೆ ಕಟ್ಟೆಯೋ?" ಎಂದು ರೇಗಿ, ಊಟದ ಹೊತ್ತಿಗೆ ಮಾತ್ರ ಕಕ್ಕಸಿನ ಬೀಗ ತೆಗೆಯುತ್ತೇನೆ ಎಂದ. ನಾವು ಕುಡಿಯುವುದನ್ನು ಬಿಡಲಿಲ್ಲ. ನಿನ್ನೆ ಕುಡಿದು, ಎದ್ದು, ಆ ಬಾಗಿಲ ಮುಂದೆ ಹೋಗಿ ನಿಂತೆವು. ಹನ್ನೆರಡು ಮಿಷನ್ ಒಟ್ಟಿಗೆ ನಿಂತವು. "ಕಟ್ಟೆ ಒಡೆದ್ರೆ ನಿಮ್ಮ ಬೀಗ ತಡೆಯಲ್ಲ ಸಾರ್" ಎಂದು ಕಾಜಾ ಅತ್ತೆ ಅಂದಿದ್ದೇ ತಡ, ಕೀಲಿ ಹೊರಬಂತು. ನಿನ್ನೆಗೆ ಮಾತ್ರ. ಇವತ್ತು ಮತ್ತೆ ಜೇಬು ಸೇರಿದೆ.

ಅಕ್ಕನಿಗೆ ನನ್ನ ನೆನಪು, ಅವಳ ಪುಟ್ಟಿಗೆ ಮುತ್ತು. ಈ ಕಾಗದ ಓದಿ ಮಡಚುವ ಮೊದಲು ನೀನು ಒಂದು ಲೋಟ ನೀರು ಕುಡಿ.

ನಿನ್ನ ಹಟಮಾರಿ

ತಾ.ಕ.: "ಕೀಲಿಯಿಂದ ಯಾರಿಗೆ ಏನಾಗಿದೆ, ತೋರಿಸಿ" ಎಂದು ಮಾಲೀಕರು ಕೇಳುತ್ತಿದ್ದಾರೆ. ನೀನು ಕಲ್ಲಿನ ಮಾತು ಮುಚ್ಚಿಟ್ಟು, ಬರೀ ಉಷ್ಣ ಅಂತ ಎಲ್ಲರಿಗೂ ಹೇಳಿ ಕೆಲಸ ಬಿಟ್ಟು ಹೋಗಿದ್ದೀಯಲ್ಲ! ನಾಚಿಕೆಪಡಬೇಕಾದವಳು ನೀನಲ್ಲ ಅಮ್ಮಾ. ಕಲ್ಲಿದೆ ಎಂದು ಬರೆದ ಡಾಕ್ಟರ ಚೀಟಿ ತಾ, ಅದನ್ನೇ ತೋರಿಸೋಣ. ದಾರಿಯಲ್ಲಿ ಧಾರಾಳವಾಗಿ ನೀರು ಕುಡಿದೇ ಬಾ, ಬೀಗ ತೆಗೆಸುವುದು ನಮ್ಮ ಕೆಲಸ. ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಮಾಲೀಕರ ಕೋಣೆಯ ಬಾಗಿಲಲ್ಲಿ.