ಒಂಬತ್ತು ಕಲ್ಲುಗಳ ಮುಖ

ಗ್ಯುಮ್ರಿ
೯ ಡಿಸೆಂಬರ್ ೨೦೦೩

ಪ್ರೀತಿಯ ಹಮೋ ಅಣ್ಣನಿಗೆ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಶಾಲೆ ಬಿದ್ದ ಮೇಲೆ ಅಮ್ಮ ನನ್ನನ್ನು ಇನ್ನೊಂದು ಶಾಲೆಯ ಮಾಡಿನ ಕೆಳಗೆ ಬಿಡಲಿಲ್ಲವಲ್ಲ, ಬರೆಯಲು ಕೂತರೆ ಈಗಲೂ ಮೂರನೇ ತರಗತಿಯ ಬೆಂಚಿನಲ್ಲೇ ಇದ್ದೇನೆ ಅನ್ನಿಸುತ್ತದೆ. ಅತ್ತಿಗೆ, ಮಕ್ಕಳು ಚೆನ್ನಾಗಿದ್ದಾರೆಂದು ತಿಳಿದು ಸಮಾಧಾನವಾಯಿತು. ಅಮ್ಮನ ಮಂಡಿ ನೋವು ಇದ್ದ ಹಾಗೇ ಇದೆ. ಭೂಕಂಪದ ಮೇಲೆ ಕೊಟ್ಟ ಈ ತಗಡಿನ ಡಬ್ಬಿಮನೆಯ ಒಲೆಗೆ ಹೊಸ ಕೊಳವೆ ಹಾಕಿಸಿದೆವು, ಹೊಗೆ ಈಗ ಹೊರಗೆ ಹೋಗುತ್ತದೆ.

ಭೂಕಂಪವಾಗಿ ಮೊನ್ನೆಗೆ ಹದಿನೈದು ವರ್ಷ. ಅದಕ್ಕೆ ಪೋರ್ಚುಗಲ್‌ನಿಂದ ಒಬ್ಬ ಫೋಟೋದವಳು ಬಂದಿದ್ದಳು, ಇನೆಸ್ ಎಂದು. ಪತ್ರಿಕೆಯವಳು, ಬಿಳಿಗೂದಲು, ಗಂಡಸರ ಬೂಟು. ಟ್ಯಾಕ್ಸಿಯ ಗಾಗೋ ಅವಳಿಗೆ ಕಾರೂ ಹೌದು, ನಾಲಿಗೆಯೂ ಹೌದು. ಅವಳು ಎಲ್ಲರ ಹತ್ತಿರ ಆ ದಿನದ ಬಗ್ಗೆ ಕೇಳುತ್ತಿದ್ದಳಂತೆ. ಗಾಗೋ ಹೇಳಿದನಂತೆ, "ಮೇಡಂ, ಅಳೋರು ಬೇಕಿದ್ರೆ ಏಳನೇ ತಾರೀಕು ಹನ್ನೊಂದೂವರೆಗೆ ಬನ್ನಿ. ಮಿಕ್ಕ ದಿನ ನಮಗೆ ಪುರಸೊತ್ತಿಲ್ಲ." ನಮ್ಮೂರಿನವನೇ ತಾನೆ, ತಮಾಷೆ ಬಿಡುವುದಿಲ್ಲ.

ನಾಲ್ಕನೇ ತಾರೀಕು ನಾನು ಸ್ಮಶಾನದಲ್ಲಿದ್ದೆ. ಅಪ್ಪ ಹೋದ ಮೇಲೆ ಅವನ ಕೆಲಸ ನನ್ನ ಕೈಗೆ ಬಂದಿದೆಯಲ್ಲ. ಹಿಮ ಬೀಳುವ ಮೊದಲು ಗೋರಿಗಳ ಕಪ್ಪು ಕಲ್ಲುಗಳನ್ನು ಒರೆಸಿ, ಅಪ್ಪ ಮೊಳೆಯಿಂದ ಚುಚ್ಚಿ ಬಿಡಿಸಿದ ಮುಖಗಳಿಗೆ ಬಿಳಿ ಬಣ್ಣ ತಿಕ್ಕುವುದು. ವಾರ್ಸಿಕ್ ಅತ್ತೆಯ ಮಗಳ ಕಲ್ಲಿನ ಮುಂದೆ ಕೂತಿದ್ದಾಗ ಇನೆಸ್ ಬಂದು, ಫೋಟೋ ತೆಗೆಯಲೇ ಎಂದು ಕೈಸನ್ನೆಯಲ್ಲಿ ಕೇಳಿದಳು. ನಾಚಿಕೆಯಿಂದ ತಲೆ ತಗ್ಗಿಸಿದೆ. ಅವಳು ಒಮ್ಮೆ ಕಲ್ಲನ್ನು ನೋಡಿದಳು, ಒಮ್ಮೆ ನನ್ನನ್ನು. ಮತ್ತೆ ಕಲ್ಲನ್ನು. ಆಮೇಲೆ ಒಂದೊಂದೇ ಕಲ್ಲಿನ ಮುಖ ನೋಡುತ್ತ ಸಾಲು ಸಾಲು ನಡೆದುಹೋದಳು. ಅವಳಿಗೆ ಏನೋ ಹೊಳೆಯಿತೆಂದು ನನಗೆ ಆಗಲೇ ಗೊತ್ತಾಯಿತು.

ನಿನಗೆ ಗೊತ್ತಿಲ್ಲದ್ದೊಂದು ಇದೆ ಅಣ್ಣ. ಮಾನುಶ್ ಅಕ್ಕನ ಒಂದು ಫೋಟೋವೂ ಬಿದ್ದ ಮನೆಯ ಅಡಿಯಿಂದ ಸಿಗದೆ, ಅಪ್ಪ ನನ್ನ ಕೂದಲನ್ನು ಅವಳಂತೆ ಎರಡು ಜಡೆ ಹೆಣೆಸಿ, ನನ್ನನ್ನು ನೋಡಿಕೊಂಡು ಅವಳ ಕಲ್ಲು ಬಿಡಿಸಿದ್ದು ನಿನಗೆ ಗೊತ್ತು. ನೀನು ರೋಸ್ತೋವ್‌ಗೆ ಹೋದ ಮೇಲೆ ಬೇರೆಯವರೂ ಬಂದರು. ಅವರ ಮನೆಗಳೂ ಬಿದ್ದಿದ್ದವು, ಫೋಟೋಗಳೂ ಹೋಗಿದ್ದವು. ಅಪ್ಪ ಅವರನ್ನು ಕೂರಿಸಿ ಕೇಳುತ್ತಿದ್ದ: ಗಲ್ಲ ದುಂಡಗೋ, ಕೂದಲು ಗುಂಗುರೋ, ಹಣೆ ಅಗಲವೋ. ಅವರು ಹೋದ ಮೇಲೆ ನನ್ನನ್ನು ಕೊಟ್ಟಿಗೆಯಲ್ಲಿ ಬೋರಲು ಹಾಕಿದ ಬಕೆಟ್ ಮೇಲೆ ಕೂರಿಸುತ್ತಿದ್ದ. ನಗಬೇಡ, ಬಾಯಿ ಮುಚ್ಚಿಕೋ ಎನ್ನುತ್ತಿದ್ದ. ಕಲ್ಲು ನೋಡಿದ ತಾಯಂದಿರು ಒಬ್ಬೊಬ್ಬರೂ "ಇವಳೇ" ಎಂದು ಹೇಳಿ ಕಲ್ಲನ್ನು ತಬ್ಬಿಕೊಂಡರು. ಹಾಗೆ ಅಕ್ಕನದ್ದೂ ಸೇರಿ ಒಂಬತ್ತು ಕಲ್ಲು. ಯಾರಿಗೂ ಹೇಳಬೇಡ ಎಂದಿದ್ದ. ಹೇಳಲಿಲ್ಲ. ನಾನು ಬೆಳೆದೆ, ಮುಖ ಬದಲಾಯಿತು, ಊರು ಗಮನಿಸಲಿಲ್ಲ ಎಂದುಕೊಂಡಿದ್ದೆ.

ಆರನೇ ತಾರೀಕು ಇನೆಸ್ ಗಾಗೋನನ್ನು ಕರೆದುಕೊಂಡು ಮನೆಗೆ ಬಂದಳು. ಪುಣ್ಯಕ್ಕೆ ಅಮ್ಮ ಪಕ್ಕದ ಮನೆಗೆ ಹೋಗಿದ್ದಳು. ಕಾಫಿ ಕೊಟ್ಟೆ. ಅವಳು ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಒಂದೊಂದೇ ಕಲ್ಲು ತೋರಿಸಿದಳು. ಒಂಬತ್ತೂ ಸಿಕ್ಕಿದ್ದವು. ಇದನ್ನೆಲ್ಲ ಒಂದೇ ಪುಟದಲ್ಲಿ ಹಾಕಿ ನಡುವೆ ನನ್ನ ಮುಖ ಇಡುತ್ತಾಳಂತೆ. ಈ ಊರಿನಲ್ಲಿ ಕಂಡದ್ದರಲ್ಲಿ ಇಷ್ಟು ದೊಡ್ಡದು ಬೇರೆ ಇಲ್ಲವಂತೆ. ಅವಳ ಕಣ್ಣಲ್ಲಿ ನೀರಿತ್ತು, ಕೆಟ್ಟವಳಲ್ಲ. ಬೇಡ, ತಾಯಂದಿರಿಗೆ ತಿಳಿಯುತ್ತದೆ ಎಂದೆ. ತನ್ನ ಪತ್ರಿಕೆ ಇಲ್ಲಿಗೆ ಬರುವುದಿಲ್ಲ ಎಂದಳು. ಅದನ್ನು ನನಗೆ ಹೇಳಿ, ನನ್ನ ಮಾತಿಗೆ ಕಾಯದೆ ಗಾಗೋ ತಾನೇ ಉತ್ತರ ಕೊಟ್ಟ, "ಮೇಡಂ, ಇಲ್ಲಿ ಒಬ್ಬ ಸೀನಿದ್ರೆ ಮಾಸ್ಕೋದಿಂದ ಫೋನ್ ಬರುತ್ತೆ, ಶೀತ ಆಯ್ತಾ ಅಂತ."

ಕೊನೆಗೆ ಒಂದು ಮಾತಿಗೆ ಬಂದೆವು. ನಾಳೆ ಒಬ್ಬ ತಾಯಿಯನ್ನು ಕೇಳುವುದು. ಅವಳು ಬೇಡವೆಂದರೆ ಎಲ್ಲವನ್ನೂ ಅಳಿಸುವುದು. ರಾತ್ರಿ ನಿದ್ದೆ ಬರಲಿಲ್ಲ.

ಏಳನೇ ತಾರೀಕು, ಅಂದು ಭೂಮಿ ನಡುಗಿದ ಹೊತ್ತಾದ ಹನ್ನೊಂದು ನಲವತ್ತೊಂದಕ್ಕೆ, ಎಂದಿನಂತೆ ಎಲ್ಲರೂ ಸ್ಮಶಾನದಲ್ಲಿ ನಿಂತೆವು. ಧೂಪ ಹಾಕಿದರು. ಆಮೇಲೆ ಅವರವರ ಕಲ್ಲಿನ ಹತ್ತಿರ ಕೂತರು. ವಾರ್ಸಿಕ್ ಅತ್ತೆ ಮಗಳಿಗೆ ಚಾಕಲೇಟು ಇಟ್ಟು, ತನಗೆ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಳು. ಅವಳ ಮಗಳ ಕಲ್ಲಿಗೆ ಅಪ್ಪ ಬೈತಲೆ ಬಿಟ್ಟು ಬೇರೇನನ್ನೂ ಬದಲಿಸಿರಲಿಲ್ಲ. ಗಾಗೋ ಬಾಯಿ ತೆರೆಯುವಷ್ಟರಲ್ಲಿ ನಾನೇ ಮುಂದೆ ಹೋದೆ. ಬೇರೆಯವರ ಬಾಯಿಂದ ಅವಳು ಕೇಳಬಾರದು ಅನ್ನಿಸಿತು.

"ಅತ್ತೆ, ಈ ಕಲ್ಲಲ್ಲಿರೋದು ನನ್ನ ಮುಖ," ಎಂದೆ.

ಅವಳು ಕಾಫಿ ಬಗ್ಗಿಸುವುದನ್ನು ನಿಲ್ಲಿಸಲಿಲ್ಲ. ಬಟ್ಟಲು ತುಂಬಿದ ಮೇಲೆ ನನ್ನ ಕೈಗೆ ಕೊಟ್ಟಳು.

"ಗೊತ್ತು ಕಣೆ. ಮೊದಲು ಗೊತ್ತಿರಲಿಲ್ಲ. ಒಂದಿನ ಬ್ರೆಡ್ ಸಾಲಲ್ಲಿ ನೀನು ಮುಂದೆ ನಿಂತಿದ್ದೆ, ತಿರುಗಿ ನೋಡಿದೆ. ಮನೆಗೆ ಹೋಗಿ ನಿಮ್ಮಪ್ಪನಿಗೆ ಚೆನ್ನಾಗಿ ಬೈಕೊಂಡೆ. ಆಮೇಲೆ ಪ್ರತಿವರ್ಷ ನಿನ್ನನ್ನೇ ನೋಡ್ತಾ ಬಂದೆ. ನನ್ನವಳೂ ಈಗ ಇಷ್ಟು ಎತ್ತರ ಇರ್ತಿದ್ಲು, ಹೀಗೆ ಕೂದಲು ಕತ್ತರಿಸ್ಕೊಂಡಿರ್ತಿದ್ಲು ಅಂತ. ಕಲ್ಲು ಬೆಳೆಯಲ್ಲ, ನೀನು ಬೆಳೆದೆ. ಬೇಗ ಮದುವೆ ಮಾಡ್ಕೋ, ಅದನ್ನೂ ನೋಡಿ ಸಾಯ್ತೀನಿ."

ಕಾಫಿ ಕುಡಿದೆ. ಅವಳು ದನಿ ತಗ್ಗಿಸಿ, ಮೂರನೇ ಸಾಲಿನಲ್ಲಿ ತನ್ನ ಮಗಳ ಕಲ್ಲಿಗೆ ಶಾಲು ಹೊದಿಸುತ್ತಿದ್ದ ಕ್ನಾರಿಕ್‌ಳ ಕಡೆ ಗಲ್ಲ ತೋರಿಸಿದಳು. "ಅವಳಿಗೆ ಮಾತ್ರ ಹೇಳ್ಬೇಡ. ಅವಳಿಗೆ ಗೊತ್ತಿಲ್ಲ."

ಗಾಗೋ ಅದಷ್ಟನ್ನೂ ಒಂದಕ್ಷರ ಬಿಡದೆ ಹೇಳಿದ, ಈ ಸಲ ತಮಾಷೆ ಸೇರಿಸಲಿಲ್ಲ. ಇನೆಸ್ ಬಹಳ ಹೊತ್ತು ಕ್ನಾರಿಕ್‌ಳನ್ನು ನೋಡುತ್ತ ನಿಂತಿದ್ದಳು. ಕ್ಯಾಮೆರಾ ಎತ್ತಲಿಲ್ಲ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ನನಗೆ ಕಾಣುವಂತೆ ಹಿಡಿದು, ಒಂಬತ್ತನ್ನೂ ಒಂದೊಂದಾಗಿ ಅಳಿಸಿದಳು. ಕೊನೆಯದಕ್ಕೆ ಬೆರಳು ಸ್ವಲ್ಪ ತಡೆಯಿತು. ಅದು ಮಾನುಶ್ ಅಕ್ಕನ ಕಲ್ಲು. ನಿಜವಾಗಿ ಇವಳು ಹೇಗಿದ್ದಳು, ನಿನಗಿಂತ ಬೇರೆಯಾಗಿ ಹೇಗೆ, ಎಂದು ಗಾಗೋನ ಮೂಲಕ ಕೇಳಿದಳು. ನನ್ನಂತೆಯೇ ಇದ್ದಳು ಎಂದೆ. ಅಳಿಸಿದಳು.

ಹೋಗುವ ಮೊದಲು ಬಣ್ಣ ಮೆತ್ತಿದ ನನ್ನ ಕೈಗಳದ್ದೊಂದು ಫೋಟೋ ತೆಗೆದಳು. ಮುಖ ಬೇಡವೆಂದು ಅವಳೇ ಹೇಳಿದಳು.

ಇಷ್ಟೇ ಸಮಾಚಾರ. ಅಮ್ಮ ನಿನ್ನ ಮಕ್ಕಳಿಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾಳೆ, ಅಳತೆ ಬರೆದು ಕಳಿಸಬೇಕಂತೆ. ನಿನ್ನ ಮನೆಯ ಗೋಡೆ ಗಟ್ಟಿಯಾಗಿರಲಿ, ಒಲೆ ಆರದಿರಲಿ, ಮಕ್ಕಳ ತಲೆಯ ಮೇಲೆ ಅಮ್ಮನ ಕೈ ಇದೆ ಎಂದುಕೋ.

ನಿನ್ನ ತಂಗಿ,
ಯೆರಾನ್

ಮರೆತಿದ್ದೆ: ಇನೆಸ್‌ಗೆ ನಾನು ಹೇಳಿದ್ದು ಸುಳ್ಳು. ಆರು ವರ್ಷದಿಂದ ಅಕ್ಕನ ಕಲ್ಲಿಗೆ ಬಣ್ಣ ತಿಕ್ಕುತ್ತಿದ್ದೇನೆ, ಅವಳ ಮುಖ ನನಗೆ ನೆನಪಿಲ್ಲ. ಕಣ್ಣು ಮುಚ್ಚಿದರೆ ಬಕೆಟ್ ಮೇಲೆ ಕೂತ ನಾನೇ ಕಾಣುತ್ತೇನೆ. ಅಮ್ಮನನ್ನು ಕೇಳುವಂತಿಲ್ಲ, ಅವಳಿಗೆ ಈಗ ಆ ಕಲ್ಲೇ ಮಾನುಶ್. ನಿನಗೆ ಆಗ ಹದಿನೈದು, ಅವಳನ್ನು ಶಾಲೆಯಿಂದ ಎತ್ತಿ ತಂದವನು ನೀನು. ಅವತ್ತು ಕಂಡದ್ದು ಬೇಡ, ಅದನ್ನು ನಾನು ಯಾವತ್ತೂ ಕೇಳುವುದಿಲ್ಲ. ಅದರ ಹಿಂದಿನ ದಿನದ ಮುಖ ಬರೆ. ಹುಬ್ಬು ಕೂಡಿತ್ತೇ? ಹಲ್ಲಿನ ನಡುವೆ ಸಂದಿತ್ತೇ? ನನ್ನದಲ್ಲದ್ದು ಒಂದು ಸಿಕ್ಕರೂ ಸಾಕು. ಅಪ್ಪನ ಮೊಳೆ ಇನ್ನೂ ಚೂಪಾಗಿದೆ.