ಟೈ ಕಟ್ಟಿದವರೆಲ್ಲ ಡಾಕ್ಟರು

ಬೊಗೊಟಾ, ಶುಕ್ರವಾರ

ಪ್ರೀತಿಯ ಚಿಕ್ಕಮ್ಮಾ,

ಈ ಊರಲ್ಲಿ ಟೈ ಕಟ್ಟಿದವರೆಲ್ಲ ಡಾಕ್ಟರು. ಗುಮಾಸ್ತನಾದ ನನಗೂ ಹೋಟೆಲಿನಲ್ಲಿ "ಸಾರು ಹಾಕ್ಲಾ, ಡಾಕ್ಟ್ರೇ? ಉಪ್ಪು ಸಾಕಾ, ಡಾಕ್ಟ್ರೇ?" ಎಂಬ ಉಪಚಾರ. ಮೊನ್ನೆ ಮಧ್ಯಾಹ್ನ ಹಳೇ ಸ್ವೆಟರಿನ ಮುದುಕರೊಬ್ಬರ ಗಂಟಲಲ್ಲಿ ಕೋಳಿಮೂಳೆ ಸಿಕ್ಕಿಕೊಂಡಿತು. ಬಡಿಸುವ ಎಲಾಡಿಯಾ "ಬೇಗ ಬನ್ನಿ, ಡಾಕ್ಟ್ರೇ!" ಎಂದು ಕಿರುಚಿದಳು. ಟೈ ಕಟ್ಟಿದ ನಾವೆಲ್ಲ "ಏನಮ್ಮಾ?" ಎಂದು ಎದ್ದು ನಿಂತೆವು, ನಿಂತೇ ಇದ್ದೆವು. ಅಷ್ಟರಲ್ಲಿ ಮುದುಕರೇ ಕೆಮ್ಮಿ ಕೆಮ್ಮಿ ಮೂಳೆ ಉಗುಳಿದರು.

"ಯಾರಾದ್ರೂ ಡಾಕ್ಟ್ರಿಗೆ ತೋರಿಸ್ಕೋ, ತಾತಾ," ಎಂದಳು ಎಲಾಡಿಯಾ.

"ಗಂಟಲ ಡಾಕ್ಟ್ರು ನಾನೇ ಕಣಮ್ಮಾ."

"ಹಾಗಾದ್ರೆ ಟೈ ಕಟ್ಕೊಂಡ್ ಬರ್ಬಾರ್ದಾ, ತಾತಾ?"

ಹೋದ ಸಲ ಬರೆದಿದ್ದ ನನ್ನ ಕೆಮ್ಮಿಗೆ ಆ ಮುದುಕರದೇ ಔಷಧಿ, ಈಗ ವಾಸಿ. ಹೆದರಬೇಡಿ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿಮ್ಮ
ಡಾ. ಎವೇಲಿಯೊ