ನಾವು ಕುಸಿದಿರಲಿಲ್ಲ, ಮಲಗಿದ್ದೆವು

ನಗರದ ಉದ್ಯಾನಗಳ ಅಧೀಕ್ಷಕರೇ,

ಕಳೆದ ವಾರ ತಮ್ಮ ಕಚೇರಿ ಪತ್ರಿಕೆಗಳಿಗೆ ನೀಡಿದ ಹೇಳಿಕೆಯಲ್ಲಿ ‘ಉದ್ಯಾನದ ಮಂಟಪದಲ್ಲಿ ಏಳು ಮಂದಿ ವೃದ್ಧರು ಕುಸಿದುಬಿದ್ದ ಘಟನೆ ನಡೆದಿದೆ’ ಎಂದಿದೆ. ಒಂದೇ ವಾಕ್ಯದಲ್ಲಿ ಎರಡು ತಪ್ಪು. ನಾವು ಯಾರೂ ಕುಸಿದುಬಿದ್ದಿರಲಿಲ್ಲ. ಚಾಪೆ ಹಾಸಿಕೊಂಡು, ಸ್ವಂತ ಇಚ್ಛೆಯಿಂದ, ಸಾಲಾಗಿ ಮಲಗಿದ್ದೆವು. ಇನ್ನು ವೃದ್ಧರು ಆರೇ ಮಂದಿ. ಏಳನೆಯವಳು ನಮಗೆ ಕಲಿಸಲು ಬರುವ ಫಿಸಿಯೋಥೆರಪಿಸ್ಟ್. ಆಕೆಗಿನ್ನೂ ಮೂವತ್ತು ತುಂಬಿಲ್ಲ. ಹೇಳಿಕೆಯನ್ನು ಓದಿದ ದಿನ ಆಕೆ ಕನ್ನಡಿಯ ಮುಂದೆ ಸಾಕಷ್ಟು ಹೊತ್ತು ನಿಂತಿದ್ದಳೆಂದು ಕೇಳಿದ್ದೇನೆ.

ನಡೆದದ್ದು ಇಷ್ಟು. ಅಂದು ತಮ್ಮ ಹೊಸ ಕಾವಲುಗಾರ ಮಂಟಪದೊಳಗೆ ಇಣುಕಿ ನೋಡಿ, ನಮ್ಮನ್ನು ಒಂದು ಮಾತೂ ಕೇಳದೆ, ಆಂಬುಲೆನ್ಸ್ ಕರೆಸಿದ. ಬಂದವರು ಸಾಲಿನ ಮೊದಲನೆಯವರಾದ ನಿವೃತ್ತ ಬಸ್ ಚಾಲಕರನ್ನು ಸ್ಟ್ರೆಚರ್ ಮೇಲೆ ಎತ್ತಿಯೇಬಿಟ್ಟರು. “ಇಳಿಸ್ರಪ್ಪಾ! ನಾನಿಲ್ಲಿ ಏಳೋದು ಕಲೀತಿದ್ದೀನಿ, ಹೋಗೋದಲ್ಲ!” ಎಂದು ಅವರು ಕೂಗಿದರೆ, “ಗಾಬರಿ ಆಗ್ಬೇಡಿ ತಾತ, ಎಲ್ಲ ಸರಿಹೋಗತ್ತೆ” ಎಂಬ ಸಾಂತ್ವನ. ಮೂವತ್ತು ವರ್ಷ ಬಸ್ ಓಡಿಸಿದವರಿಗೆ ಬೇಡವಾದ ಕಡೆಗೆ ಪ್ರಯಾಣಿಸುವ ಕಷ್ಟ ಅಂದೇ ತಿಳಿದದ್ದು.

ಮರುದಿನವೇ ತಾವು ಮಂಟಪಕ್ಕೆ ಬೀಗ ಜಡಿಸಿ, ಅದರ ಮುಂದೆ ಫಲಕ ನೆಡಿಸಿದಿರಿ: ‘ಹಿರಿಯ ನಾಗರಿಕರುಗಳು ನೆಲದ ಮೇಲೆ ಕೂರುವುದನ್ನೂ ಮಲಗುವುದನ್ನೂ ನಿಷೇಧಿಸಿದೆ. ಆಸನಗಳಲ್ಲಿ ವಿಶ್ರಮಿಸಿ.’ ‘ನಾಗರಿಕರುಗಳು’ ಎಂಬ ಪದವನ್ನು ಸದ್ಯಕ್ಕೆ ಕ್ಷಮಿಸುತ್ತೇನೆ. ಆದರೆ ವಿಶ್ರಮಿಸುವುದು ಯಾವುದರಿಂದ? ಬೆಳಗಿನಿಂದ ಸಂಜೆಯವರೆಗೆ ನಮ್ಮನ್ನು ಎಲ್ಲರೂ ಕೂರಿಸುತ್ತಲೇ ಇರುತ್ತಾರಲ್ಲ! ಬ್ಯಾಂಕಿನಲ್ಲಿ ಕುರ್ಚಿ, ಆಸ್ಪತ್ರೆಯಲ್ಲಿ ಕುರ್ಚಿ, ಮನೆಯಲ್ಲಿ ಎದ್ದರೆ “ನೀವು ಕೂತ್ಕೊಳ್ಳಿ, ನಾನು ತರ್ತೀನಿ.” ಇಷ್ಟೊಂದು ಪ್ರೀತಿಯನ್ನು ಯಾವ ತೊಡೆಯ ಸ್ನಾಯು ತಾಳಿಕೊಂಡೀತು?

ನಮ್ಮ ತರಗತಿಯ ಪಾಠ ಒಂದೇ: ನೆಲಕ್ಕೆ ಇಳಿಯುವುದು, ನೆಲದಿಂದ ಏಳುವುದು. ಪಕ್ಕಕ್ಕೆ ಹೊರಳಿ, ಅಂಗೈ ಊರಿ, ಮಂಡಿಗೆ ಬಂದು, ಒಂದು ಪಾದ ಮುಂದಿಟ್ಟು ನಿಲ್ಲಬೇಕು. ಅವಸರಪಡಿಸುವಂತಿಲ್ಲ, ಯಾರೂ ಕೈ ಕೊಡುವಂತಿಲ್ಲ. ನೋಡುವವರಿಗೆ ಇದು ದುರ್ಘಟನೆಯಂತೆ ಕಾಣುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಇದರ ಅಗತ್ಯವೇನೆಂದು ತಾವು ಕೇಳಬಹುದು. ನನ್ನ ಅಕ್ಕನನ್ನೇ ತೆಗೆದುಕೊಳ್ಳಿ. ಆಕೆ ದರ್ಜಿ. ಎಪ್ಪತ್ತು ದಾಟಿದರೂ ಸೂಜಿಗೆ ದಾರ ಪೋಣಿಸಲು ಕನ್ನಡಕ ಹುಡುಕುವವಳಲ್ಲ. ಮುಂದೆ ಅಂಗಡಿ, ಹಿಂದೆ ಒಂದು ಕೋಣೆಯ ಮನೆ. ಕಳೆದ ವರ್ಷ ಒಂದು ಮಧ್ಯಾಹ್ನ ಕೈಜಾರಿದ ಕತ್ತರಿಯನ್ನು ಎತ್ತಿಕೊಳ್ಳಲು ಬಗ್ಗಿದವಳು ಹಾಗೆಯೇ ನೆಲಕ್ಕೆ ಕುಳಿತಳು. ಮೂಳೆ ಮುರಿಯಲಿಲ್ಲ, ಚರ್ಮ ತರಚಲಿಲ್ಲ. ಏಳಲು ಮಾತ್ರ ಆಗಲಿಲ್ಲ. ಸಂಜೆ ಗಿರಾಕಿಯೊಬ್ಬರು ಬಂದಾಗ ಮೇಜಿನ ಕೆಳಗಿನಿಂದ ಧ್ವನಿ ಬಂತಂತೆ: “ನಿಮ್ಮ ಅಂಗಿ ರೆಡಿ ಇದೆ. ಮೊದಲು ನನ್ನನ್ನ ಎತ್ತಿ, ಆಮೇಲೆ ಕೊಡ್ತೀನಿ.”

ವಿಷಯ ತಿಳಿದು ಅಕ್ಕನ ಮಗಳು ಓಡಿಬಂದಳು. “ಸಾಕಮ್ಮಾ, ಮಿಷನ್ ಮಾರಿ ನಮ್ಮನೇಗೆ ಬಂದ್ಬಿಡು.”

“ನಾನೇನು ಹಳೇ ಸೋಫಾನಾ, ಆ ಮನೆಯಿಂದ ಈ ಮನೆಗೆ ಸಾಗಿಸೋಕೆ?”

“ಹಾಗಾದ್ರೆ ಯಾರೂ ಹಿಡೀದೆ ನೆಲದಿಂದ ಎದ್ದು ತೋರ್ಸು. ಎದ್ರೆ ಇನ್ನು ಬಾಯಿ ಬಿಡಲ್ಲ. ಮಾಮನೇ ಸಾಕ್ಷಿ.”

“ಆಗ್ಲಿ. ಏಳ್ಲಿಲ್ಲ ಅಂದ್ರೆ ಅಂಗಡಿ ಬೀಗದ ಕೈ ನಿಂಗೇ ಕೊಡ್ತೀನಿ.”

ತಾಯಿ ಮಗಳ ಹಟ ಒಂದೇ ಥಾನಿನ ಬಟ್ಟೆ. ನಡುವೆ ಸಿಕ್ಕಿಕೊಂಡ ಗುಂಡಿ ನಾನು. ಬರುವ ಶುಕ್ರವಾರ ಪರೀಕ್ಷೆ. ನಮ್ಮ ತರಗತಿಗೆ ಸೇರಿದ ಅಕ್ಕ ಹೊರಳುವುದನ್ನು ಕಲಿತಳು, ಮಂಡಿಗೆ ಬರುವುದನ್ನೂ ಕಲಿತಳು. ಮಂಡಿಯಿಂದ ಪೂರ್ತಿ ಏಳುವ ಕೊನೆಯ ಹಂತವೊಂದು ಉಳಿದಿತ್ತು. ಅಷ್ಟರಲ್ಲಿ ತಮ್ಮ ಬೀಗ ಬಿತ್ತು. ಅಂಗಡಿಯಲ್ಲಿ ಅಭ್ಯಾಸ ಮಾಡೋಣವೆಂದರೆ ಹೊಲಿಗೆ ಯಂತ್ರಕ್ಕೂ ಮೇಜಿಗೂ ನಡುವಿನ ಜಾಗದಲ್ಲಿ ಬೆಕ್ಕು ಹೊರಳೀತು, ಅಕ್ಕ ಹೊರಳಲಾರಳು. ಕೋಣೆಯ ನೆಲವನ್ನು ಮಂಚ ಆಕ್ರಮಿಸಿದೆ. ನನ್ನ ಮನೆಗೋ ಕಡಿದಾದ ಮೆಟ್ಟಿಲು.

ಆಸನದ ಮೇಲೆ ಕುಳಿತವನು ಉದ್ಯಾನದಲ್ಲಿ ಬೀಳುವುದಿಲ್ಲ ಎಂಬ ತಮ್ಮ ತರ್ಕವನ್ನು ಒಪ್ಪುತ್ತೇನೆ. ಅವನು ಮನೆಗೆ ಹೋಗಿ ಬೀಳುತ್ತಾನೆ. ಆಗ ಅವನು ತಮ್ಮ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ಆಡಳಿತದ ದೃಷ್ಟಿಯಿಂದ ಅನುಕೂಲವೇ ಸರಿ. ಆದರೆ ಬಿದ್ದವನು ಏಳುವುದನ್ನು ಎಲ್ಲಿ ಕಲಿಯಬೇಕು? ಈಜು ಬಾರದವನನ್ನು ನೀರಿನಿಂದ ದೂರವಿಡಬಹುದು. ಮನುಷ್ಯನನ್ನು ನೆಲದಿಂದ ದೂರವಿಡುವ ಆದೇಶವನ್ನು ತಮಗಿಂತ ಹಿಂದೆ ಯಾರಾದರೂ ಹೊರಡಿಸಿದ್ದರೆ ದಯವಿಟ್ಟು ಅದರ ಒಂದು ಪ್ರತಿಯನ್ನು ಕಳುಹಿಸಿ.

ನಮ್ಮ ಬೇಡಿಕೆ ಸರಳ: ನಾಳೆ ಬೆಳಿಗ್ಗೆ ಮಂಟಪದ ಬಾಗಿಲು ತೆರೆದಿರಬೇಕು, ಫಲಕ ಅಲ್ಲಿರಬಾರದು. ತೆರೆಯದಿದ್ದರೆ ನಾವು ಆರು ಮಂದಿ, ಶಿಕ್ಷಕಿಯ ಸಮೇತ, ತಮ್ಮ ಕಚೇರಿಯ ಹಜಾರಕ್ಕೆ ಬರುತ್ತೇವೆ. ಅಲ್ಲಿನ ನೆಲ ವಿಶಾಲವಾಗಿದೆ, ಸಮತಟ್ಟಾಗಿದೆ, ಮನವಿ ಹಿಡಿದು ಕಾಯುತ್ತ ನಾನದನ್ನು ಚೆನ್ನಾಗಿ ಪರಿಶೀಲಿಸಿದ್ದೇನೆ. ಶುಕ್ರವಾರದ ಪರೀಕ್ಷೆಯೂ ಅಲ್ಲಿಯೇ ನಡೆದೀತು. ಅಕ್ಕ ಮೊದಲು, ಉಳಿದವರು ನಂತರ. ತಾವು ಆ ಹೊತ್ತಿಗೆ ಕೊಠಡಿಯಿಂದ ಹೊರಬಂದು ಅಕ್ಕನ ಮಗಳ ಪಕ್ಕದಲ್ಲಿ ನಿಲ್ಲಬೇಕೆಂದು ಕೋರುತ್ತೇನೆ. ಆಕೆ ಕೈ ಚಾಚಲು ಹೋಗುತ್ತಾಳೆ, ತಡೆಯಿರಿ. ತಾವೂ ಚಾಚಬೇಡಿ. ಮಂಡಿಯ ಮೇಲೆ ಅಕ್ಕ ಬಹಳ ಹೊತ್ತು ನಿಲ್ಲುತ್ತಾಳೆ. ಅಷ್ಟು ಹೊತ್ತು ಸುಮ್ಮನೆ ಕಾಯುವ ವ್ಯವಧಾನ ಮಾತ್ರ ತಮ್ಮಲ್ಲಿರಲಿ.

ಇಂತಿ,
ತಮ್ಮ ಆಸನಗಳಲ್ಲಿ ಇನ್ನೂ ಒಮ್ಮೆಯೂ ವಿಶ್ರಮಿಸದ
ನಿವೃತ್ತ ಶಾಲಾಮಾಸ್ತರ

ಬುಧವಾರ, ೧೯ ಫೆಬ್ರವರಿ ೨೦೨೫
ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ